ಜೇಡರ ಬಲೆಯನ್ನು ದಾರದಲ್ಲಿ ಮಾಡಲು ಹೊರಟಿದ್ದೇನೆ, ಸುತ್ತು ಹಾಕಿದ ಕೂಡಲೇ ಜೋತು ಬೀಳುತ್ತಿದೆ. ಜೇಡ ಇದನ್ನು ಹೇಗೆ ಮಾಡುತ್ತದೆ?

ನೂಲುಂಡೆ:
ಹನ್ನೆರಡು ವರ್ಷದಿಂದ ಕ್ರೋಶಾ ಹಾಕುತ್ತಿದ್ದೇನೆ. ದುಂಡನೆಯ ಮೇಜಿನ ಹಾಸು ಅಂದರೆ ನನಗೆ ಪ್ರಾಣ. ಮೂರು ವಾರದ ಹಿಂದೆ ನಿದ್ದೆ ಬರದ ಒಂದು ರಾತ್ರಿ, ಕಿಟಕಿಯ ಸರಳಿಗೂ ಹೊರಗಿನ ಗಿಡದ ಕೊಂಬೆಗೂ ನಡುವೆ ಒಂದು ಜೇಡ ಬಲೆ ಕಟ್ಟುವುದನ್ನು ನೋಡಿದೆ. ನಾನು ಹೋಗುವ ಹೊತ್ತಿಗೆ ಸೈಕಲ್ ಚಕ್ರದ ಕಡ್ಡಿಗಳ ಹಾಗಿರುವ ಎಳೆಗಳೆಲ್ಲ ಆಗಿದ್ದವು. ಹೊರಗಿನಿಂದ ಒಳಕ್ಕೆ ಸುತ್ತು ಹಾಕುವ ಕೆಲಸ ನಡೆದಿತ್ತು. ಟಾರ್ಚನ್ನು ನೇರ ಹಿಡಿದರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿದರೆ ಒಂದೊಂದು ಎಳೆಯೂ ಹೊಳೆಯುತ್ತದೆ.

ಹಿಂಗಾಲಿನಿಂದ ನೂಲನ್ನು ಎಳೆಯುತ್ತದೆ. ಕಡ್ಡಿ ಎಳೆಗೆ ತಾಗಿಸುತ್ತದೆ. ಹೊಟ್ಟೆಯ ತುದಿಯನ್ನು ಅಲ್ಲಿಗೆ ಒಂದು ಸಲ ಒತ್ತುತ್ತದೆ. ಮುಂದಿನ ಕಡ್ಡಿಗೆ ಹೋಗುತ್ತದೆ. ಎಳೆ, ತಾಗಿಸು, ಒತ್ತು, ಮುಂದೆ. ಅರ್ಧ ಗಂಟೆ ನಿಂತು ನೋಡಿದೆ, ಒಂದು ಸಲವೂ ಲಯ ತಪ್ಪಲಿಲ್ಲ. ಬೆಳಿಗ್ಗೆ ಮನೆಯವರು ಪೊರಕೆ ಹಿಡಿದು ಬಂದಾಗ ಅಡ್ಡ ನಿಂತೆ.

ಅಂದಿನಿಂದ ಅದೇ ಬಲೆಯನ್ನು ದಾರದಲ್ಲಿ ಮಾಡುವ ಹಟ ಹತ್ತಿದೆ. ತಂತಿಯ ಬಳೆ, ತೆಳು ಹತ್ತಿ ದಾರ, 24 ಕಡ್ಡಿ. ಕಡ್ಡಿಗಳವರೆಗೆ ಚೆನ್ನಾಗಿ ಬರುತ್ತದೆ. ಸುತ್ತೆಳೆ ಹಾಕಲು ಶುರು ಮಾಡಿದರೆ ಕಡ್ಡಿಗಳು ಒಂದು ಪಕ್ಕಕ್ಕೆ ವಾಲುತ್ತವೆ, ನಡುವೆ ಸಡಿಲವಾಗುತ್ತದೆ. ಮೂರು ಸಲ ಬಿಚ್ಚಿದೆ. ಯಾರಾದರೂ ಇದನ್ನು ಮಾಡಿದ್ದೀರಾ? ಜೇಡದ ಕೆಲಸದ ಕ್ರಮ ಗೊತ್ತಿರುವವರು ದಯವಿಟ್ಟು ಹೇಳಿ.

ಸೂಜಿಮೊನೆ:
ಪೊರಕೆ ತಡೆದಿರಲ್ಲ, ಅದಕ್ಕೇ ಮೊದಲು ಧನ್ಯವಾದ.

ಎಂಟುಕಾಲು:
ಜೇಡ ನೋಡುವುದು ನನ್ನ ಹುಚ್ಚು, ದಾರದ ಕೆಲಸ ಬರುವುದಿಲ್ಲ. ಆದರೆ ಕ್ರಮ ಹೇಳಬಲ್ಲೆ.

ಮೊದಲು ಒಂದೇ ಎಳೆಯನ್ನು ಗಾಳಿಗೆ ಬಿಡುತ್ತದೆ. ಅದು ತೇಲಿ ಹೋಗಿ ಎಲ್ಲಾದರೂ ಅಂಟಿಕೊಂಡರೆ ಸೇತುವೆ ಆಯಿತು. ಜೇಡ ಎಳೆದು ನೋಡುತ್ತದೆ, ಬಿಗಿ ಮಾಡುತ್ತದೆ. ಆಮೇಲೆ ಸೇತುವೆಯ ನಡುವಿನಿಂದ ಕೆಳಗಿಳಿದು ಇನ್ನೊಂದು ಎಳೆ ಕಟ್ಟುತ್ತದೆ. ಈಗ ಮೂರು ಕವಲಿನ ಕವಣೆಯ ಆಕಾರ. ಆ ಮೂರು ಕೂಡುವ ಜಾಗವೇ ಮುಂದೆ ಬಲೆಯ ನಡು. ನಂತರ ಸುತ್ತಲಿನ ಚೌಕಟ್ಟು, ಆಮೇಲೆ ಕಡ್ಡಿಗಳು.

ನೀವು ನೋಡದೆ ಹೋದ ಹಂತ ಇದರ ನಂತರದ್ದು. ಕಡ್ಡಿಗಳು ಮುಗಿದ ಕೂಡಲೇ ಅಂಟಿನ ಸುತ್ತು ಶುರುವಾಗುವುದಿಲ್ಲ. ಮೊದಲು ನಡುವಿನಿಂದ ಹೊರಕ್ಕೆ, ದೂರ ದೂರ ಸುತ್ತುಗಳಿರುವ ಒಂದು ಸುರುಳಿ ಹಾಕುತ್ತದೆ. ಅದರಲ್ಲಿ ಅಂಟಿಲ್ಲ. ಕಡ್ಡಿಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವುದು, ಜೇಡಕ್ಕೆ ಓಡಾಡಲು ಮೆಟ್ಟಿಲಾಗುವುದು, ಅಷ್ಟೇ ಅದರ ಕೆಲಸ. ಅಂಚು ಮುಟ್ಟಿದ ಮೇಲೆ ತಿರುಗಿ ನಿಲ್ಲುತ್ತದೆ. ಆಮೇಲೆ ಹೊರಗಿನಿಂದ ಒಳಕ್ಕೆ ಅಂಟಿನ ಸುತ್ತು, ಒತ್ತೊತ್ತಾಗಿ. ಬರುತ್ತಾ ಬರುತ್ತಾ ಹಳೆಯ ಸುರುಳಿಯನ್ನು ಕತ್ತರಿಸಿ ತೆಗೆಯುತ್ತಾ ಬರುತ್ತದೆ. ನೀವು ನೋಡಿದ್ದು ಈ ಕೊನೆಯ ಭಾಗ ಮಾತ್ರ. ನಿಮ್ಮ ಕಡ್ಡಿಗಳು ವಾಲುತ್ತಿರುವುದು ಅವನ್ನು ಹಿಡಿದಿಡುವ ಆ ಸುರುಳಿ ಇಲ್ಲದ್ದಕ್ಕೆ.

ದರ್ಜಿಮನೆ:
ಅಯ್ಯೋ, ಇದು ಕಚ್ಚಾ ಹೊಲಿಗೆ!

ಮೂವತ್ತು ವರ್ಷ ಬಟ್ಟೆ ಹೊಲಿದಿದ್ದೇನೆ. ಜಾರುವ ಬಟ್ಟೆಗೆ ಲೈನಿಂಗ್ ಕೊಡುವಾಗ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇವೆ, ಮಿಷಿನ್ ಹೊಲಿಗೆ ಬಿದ್ದ ಮೇಲೆ ಎಳೆದು ತೆಗೆಯುತ್ತೇವೆ. ಕಲಿಯಲು ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇದನ್ನೇ ಬಿಡುವುದು. ಆಮೇಲೆ ಬಟ್ಟೆ ಜಾರಿತು, ಸುಕ್ಕಾಯಿತು ಅಂತ ಬರುತ್ತಾರೆ. ಜೇಡಕ್ಕೆ ಯಾರೂ ಹೇಳಿಕೊಡದೆ ಇದು ಗೊತ್ತು. ಓದಿ ಮೈ ಜುಮ್ಮೆಂದಿತು.

ಎಂಟುಕಾಲು:
ಹೌದು, ಯಾರೂ ಹೇಳಿಕೊಡುವುದಿಲ್ಲ. ಮೊಟ್ಟೆಯಿಂದ ಬಂದ ಪುಟ್ಟ ಮರಿಯೂ ಮೊದಲ ಸಲವೇ ಈ ಕ್ರಮದಲ್ಲೇ ಕಟ್ಟುತ್ತದೆ.

ಹಾಸುಹೊಕ್ಕು:
ಒಂದು ತಕರಾರು. ಎಲ್ಲ ಕಡೆ 'ಜೇಡ ಬಲೆ ನೇಯುತ್ತದೆ' ಅಂತ ಬರೆಯುತ್ತಾರೆ. ನಾನು ಮಗ್ಗದಲ್ಲಿ ಕೆಲಸ ಮಾಡುವವನು. ನೇಯ್ಗೆ ಅಂದರೆ ಹಾಸು ಎಳೆಗಳ ಕೆಳಗೆ ಮೇಲೆ ಹೊಕ್ಕು ಎಳೆ ಹಾಯಬೇಕು. ಅದೇ ಬಟ್ಟೆಯನ್ನು ಹಿಡಿದಿಡುವುದು, ಅಂಟಲ್ಲ. ಜೇಡದ ಸುತ್ತೆಳೆ ಯಾವ ಕಡ್ಡಿಯ ಕೆಳಗೂ ನುಸುಳುವುದಿಲ್ಲ. ಎಲ್ಲ ಒಂದೇ ಮಗ್ಗುಲಲ್ಲಿ ತಾಗಿಸಿ ಅಂಟಿಸಿದ್ದು. ಹಾಗಾಗಿ ಇದು ನೇಯ್ಗೆ ಅಲ್ಲ. ಕೆಲಸ ಸಣ್ಣದು ಅಂತ ಹೇಳುತ್ತಿಲ್ಲ, ಹೆಸರು ಸರಿ ಇರಲಿ ಅಂತ ಅಷ್ಟೇ.

ಪದಪ್ರೀತಿ:
ಹಾಸುಹೊಕ್ಕು ಅವರೇ, ನಮ್ಮ ಭಾಷೆ ಈ ವಿಷಯ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಜೇಡ ಅಂದರೆ ನೇಕಾರ ಅಂತಲೂ ಅರ್ಥ. ವಚನಕಾರ ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವ 'ಜೇಡರ' ಅದೇ, ಅವರು ಬಟ್ಟೆ ನೇಯುತ್ತಿದ್ದವರು. ಹುಳಕ್ಕೂ ನೇಕಾರನಿಗೂ ಒಂದೇ ಮಾತು! ಸಂಸ್ಕೃತದಲ್ಲಿ ಜೇಡಕ್ಕೆ ಊರ್ಣನಾಭ ಅನ್ನುತ್ತಾರೆ, ಹೊಕ್ಕುಳಲ್ಲಿ ಉಣ್ಣೆ ಇರುವುದು ಅಂತ.

ಎಂಟುಕಾಲು:
ಚೆಂದದ ಮಾತು. ಎರಡು ತಿದ್ದುಪಡಿ ಮಾತ್ರ. ಜೇಡ ಹುಳವಲ್ಲ, ಕೀಟವೂ ಅಲ್ಲ. ಕೀಟಕ್ಕೆ ಆರು ಕಾಲು, ಇದಕ್ಕೆ ಎಂಟು. ನೂಲು ಬರುವುದೂ ಹೊಕ್ಕುಳಿನಿಂದಲ್ಲ. ಹೊಟ್ಟೆಯ ಹಿಂತುದಿಯಲ್ಲಿ ಪುಟ್ಟ ಬೆರಳುಗಳ ಹಾಗಿರುವ ನೂಲುಮೊಲೆಗಳಿವೆ. ಹೆಚ್ಚಿನ ಜೇಡಗಳಿಗೆ ಮೂರು ಜೋಡಿ. ಒಂದೊಂದರಲ್ಲೂ ತುಂಬಾ ಸಣ್ಣ ಕೊಳವೆಗಳು.

ಹಾಸುಹೊಕ್ಕು:
ಹೆಸರು ಒಪ್ಪಿದೆ, ಖುಷಿಯಿಂದಲೇ ಒಪ್ಪಿದೆ. ಕೆಲಸದ ಬಗ್ಗೆ ಮಾತ್ರ ನನ್ನ ಮಾತು ಅದೇ.

ಗಂಟುಗಾರ:
ಹಾಗಾದರೆ ಮೀನಿನ ಬಲೆ ಹೆಣೆಯುವವರ ಸಾಲಿಗೆ ಸೇರಿಸಿ ಅನ್ನೋಣ ಅಂದರೆ ಅಲ್ಲಿ ಪ್ರತಿ ಕೂಡುವ ಜಾಗದಲ್ಲೂ ಗಂಟಿದೆ. ಜೇಡದ ಬಲೆಯಲ್ಲಿ ಒಂದೂ ಗಂಟಿಲ್ಲ ಅಲ್ವಾ?

ಎಂಟುಕಾಲು:
ಒಂದೂ ಇಲ್ಲ. ಗೋಡೆಗೆ, ಎಲೆಗೆ ಎಳೆಯನ್ನು ಹಿಡಿಸಲು ಬೇರೆಯೇ ಒಂದು ಗ್ರಂಥಿಯ ನೂಲಿದೆ. ಅಂಟಿನಲ್ಲಿ ಅದ್ದಿದ ಅತಿ ಸಣ್ಣ ಎಳೆಗಳನ್ನು ಆಚೀಚೆ ಓಡಿಸಿ ಒಂದು ಚಿಕ್ಕ ಬಿಲ್ಲೆ ಮಾಡಿಬಿಡುತ್ತದೆ. ದೊಡ್ಡ ಎಳೆ ಆ ಬಿಲ್ಲೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಕಸೂತಿಕೈ:
ಕಸೂತಿಯಲ್ಲಿ ಸ್ಪೈಡರ್ ವೆಬ್ ಗುಲಾಬಿ ಹಾಕಿದವರಿಗೆ ಹಾಸುಹೊಕ್ಕು ಅವರ ಮಾತು ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಐದು ಅಥವಾ ಏಳು ಕಡ್ಡಿ ಹಾಕಿ, ದಾರವನ್ನು ಒಂದರ ಮೇಲೆ ಒಂದರ ಕೆಳಗೆ ಸುತ್ತುತ್ತಾ ಬರುತ್ತೇವೆ. ಕಡ್ಡಿ ಬೆಸ ಸಂಖ್ಯೆಯಲ್ಲೇ ಇರಬೇಕು. ಸಮ ಸಂಖ್ಯೆ ಆದರೆ ಎರಡನೇ ಸುತ್ತಿನಲ್ಲೂ ದಾರ ಅದೇ ಕಡ್ಡಿಯ ಮೇಲೆ, ಅದೇ ಕಡ್ಡಿಯ ಕೆಳಗೆ ಬೀಳುತ್ತದೆ, ಹೂವು ಕಟ್ಟಿಕೊಳ್ಳುವುದಿಲ್ಲ. ನಾವು ಮಾಡುವುದು ನಿಜವಾದ ನೇಯ್ಗೆ. ಜೇಡಕ್ಕೆ ಬೆಸ ಸಮದ ಕಟ್ಟುಪಾಡಿಲ್ಲ, ಅದು ಮೇಲೆ ಕೆಳಗೆ ಮಾಡುವುದೇ ಇಲ್ಲವಲ್ಲ. ಹೆಸರು ಜೇಡದ್ದು, ಕೆಲಸ ಮಗ್ಗದ್ದು.

ನೂಲುಂಡೆ ಅವರೇ, ಪರಾಗ್ವೆ ದೇಶದ ಞಾಂಡುಟಿ ಲೇಸ್ ನೋಡಿದ್ದೀರಾ? ಅಲ್ಲಿನ ಗ್ವಾರಾನಿ ಭಾಷೆಯಲ್ಲಿ ಆ ಮಾತಿಗೆ ಜೇಡರ ಬಲೆ ಅಂತಲೇ ಅರ್ಥ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಅದರ ಮೇಲೆ ದುಂಡಗೆ ಕಡ್ಡಿ ಎಳೆಗಳನ್ನು ಹಾಕಿ, ಅವುಗಳ ನಡುವೆ ಸೂಜಿಯಿಂದ ವಿನ್ಯಾಸ ತುಂಬುತ್ತಾರೆ. ಪೂರ್ತಿ ಆದ ಮೇಲೆ ಕೆಳಗಿನ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾರೆ. ಇದೂ ಒಂದು ಥರ ಕಚ್ಚಾ ಹೊಲಿಗೆಯೇ ಅಲ್ವಾ? ಕೆಲಸ ಮುಗಿಯುವವರೆಗೆ ಹಿಡಿದುಕೊಳ್ಳಲು ಒಂದು ಆಧಾರ, ಆಮೇಲೆ ಅದು ಬೇಡ.

ನೂಲುಂಡೆ:
ಎಲ್ಲರಿಗೂ ಕೈ ಮುಗಿದೆ. ಕಚ್ಚಾ ಹೊಲಿಗೆ ಅನ್ನುವ ಮಾತು ಓದಿದ ಕೂಡಲೇ ಎದ್ದು ಹೋಗಿ ದಾರ ಹುಡುಕಿದೆ. ನಾಳೆ ಕೂರುತ್ತೇನೆ.

ತಕಲಿ:
ನೂಲುವವರ ಕಡೆಯಿಂದ ನಾನು ಎರಡು ಮಾತು ಹೇಳದಿದ್ದರೆ ಆಗದು. ನಾವು ಒಂದು ಬುಟ್ಟಿ ಹತ್ತಿಯಿಂದ ಒಂದು ಥರದ ನೂಲು ತೆಗೆಯಲು ವರ್ಷಗಟ್ಟಲೆ ಕಲಿಯುತ್ತೇವೆ. ದುಂಡು ಬಲೆ ಕಟ್ಟುವ ಹೆಣ್ಣು ಜೇಡದ ಹೊಟ್ಟೆಯಲ್ಲಿ ಏಳು ಬಗೆಯ ಗ್ರಂಥಿಗಳಿವೆ. ಚೌಕಟ್ಟಿಗೆ, ಕಡ್ಡಿಗಳಿಗೆ, ತಾನು ತೂಗಾಡಲು ಒಂದು ಗಟ್ಟಿ ನೂಲು. ಮೇಲೆ ಹೇಳಿದ ಕಚ್ಚಾ ಸುರುಳಿಗೆ ಇನ್ನೊಂದು. ಅಂಟಿನ ಸುತ್ತಿಗೆ ರಬ್ಬರಿನ ಹಾಗೆ ಹಿಗ್ಗುವ ನೂಲು, ಅದಕ್ಕೆ ಹಚ್ಚುವ ಅಂಟು ಬೇರೆ. ಹಿಡಿದ ನೊಣವನ್ನು ಸುತ್ತಲು ಒಂದು, ಮೊಟ್ಟೆಯ ಚೀಲಕ್ಕೆ ಒಂದು, ಅಂಟಿಸುವ ಬಿಲ್ಲೆಗೆ ಒಂದು. ಯಾವ ಕೆಲಸಕ್ಕೆ ಯಾವ ನೂಲು ಅನ್ನುವ ಲೆಕ್ಕ ಇಷ್ಟು ಚೊಕ್ಕವಾಗಿ ನಾನು ಎಲ್ಲೂ ನೋಡಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಅಂಟೇ ಬಳಸದ ಜೇಡಗಳು. ಅವುಗಳ ನೂಲುಮೊಲೆಗಳ ಮುಂದೆ ಜರಡಿಯಂಥ ಒಂದು ತಟ್ಟೆ ಇರುತ್ತದೆ. ಅದರಿಂದ ಸಾವಿರಾರು ಎಳೆಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಒಟ್ಟಿಗೆ ಬರುತ್ತವೆ. ನಾಲ್ಕನೇ ಜೋಡಿ ಕಾಲಿನಲ್ಲಿ ಸಾಲು ಕೂದಲಿನ ಬಾಚಣಿಗೆ. ಆ ಬಾಚಣಿಗೆಯಿಂದ ಎಳೆಗಳನ್ನು ಬಾಚಿ ಬಾಚಿ ಉಣ್ಣೆಯ ಹಾಗೆ ಹಿಂಜುತ್ತದೆ. ನಾವು ಉಣ್ಣೆ ಹಿಂಜಲು ಎರಡು ಹಲಗೆ ಹಿಡಿದು ಉಜ್ಜುತ್ತೇವಲ್ಲ, ಅದೇ ಕೆಲಸ. ಆ ನಯವಾದ ಉಣ್ಣೆಯಲ್ಲಿ ಕೀಟದ ಕಾಲು ಸಿಕ್ಕಿಹಾಕಿಕೊಳ್ಳುತ್ತದೆ. ಇಂಥ ಬಲೆ ಹೊಸದಾಗಿದ್ದಾಗ ಸ್ವಲ್ಪ ನೀಲಿ ಛಾಯೆಯಲ್ಲಿ ಕಾಣುತ್ತದೆ.

ಮಣಿಸರ:
ನಾನು ಮಣಿ ಕೆಲಸದವಳು. ಅಂಟಿನ ಸುತ್ತೆಳೆಯನ್ನು ಭೂತಗನ್ನಡಿಯಲ್ಲಿ ಒಮ್ಮೆ ನೋಡಿ. ಅಂಟು ಒಂದೇ ಸಮನೆ ಬಳಿದ ಹಾಗಿಲ್ಲ, ಸಾಲು ಮಣಿ ಪೋಣಿಸಿದ ಹಾಗಿದೆ! ಜೇಡ ಒಂದೊಂದಾಗಿ ಪೋಣಿಸಿದ್ದಲ್ಲ. ಬಳಿಯುವಾಗ ಅಂಟು ಕೊಳವೆಯ ಹಾಗೆ ಎಳೆಯ ಸುತ್ತ ಹತ್ತಿರುತ್ತದೆ, ಆಮೇಲೆ ತಾನಾಗಿ ಒಡೆದು ಹನಿ ಹನಿಯಾಗುತ್ತದೆ. ನಲ್ಲಿಯಿಂದ ಸಣ್ಣಗೆ ಬೀಳುವ ನೀರು ಕೆಳಗೆ ಬರುತ್ತಾ ಹನಿಯಾಗುವುದೂ ಇದೇ ಕಾರಣಕ್ಕೆ. ದೊಡ್ಡ ಹನಿ, ನಡುವೆ ಒಂದು ಚಿಕ್ಕ ಹನಿ, ಮತ್ತೆ ದೊಡ್ಡದು. ಈ ಅಳತೆಯಲ್ಲೇ ಒಂದು ಸರ ಮಾಡಿದೆ, ನನ್ನ ಕೆಲಸಗಳಲ್ಲಿ ನಾನು ಅತಿ ಹೆಚ್ಚು ಹಾಕಿಕೊಳ್ಳುವುದು ಅದನ್ನೇ.

ಬೆಳಗಿನಜಾವ:
ಅದು ಇಬ್ಬನಿ ಅಲ್ವಾ?

ಮಣಿಸರ:
ಅಲ್ಲ, ಇಬ್ಬನಿ ಬೇರೆ. ಇಬ್ಬನಿ ಹನಿ ಬರಿಗಣ್ಣಿಗೆ ಕಾಣುತ್ತದೆ, ಬಿಸಿಲೇರಿದರೆ ಹೋಗುತ್ತದೆ. ಅಂಟಿನ ಹನಿ ತುಂಬಾ ಚಿಕ್ಕದು, ಮಧ್ಯಾಹ್ನವೂ ಇರುತ್ತದೆ.

ಹಳೆಪೆಟ್ಟಿಗೆ:
ಜೇಡದ ನೂಲಿನಲ್ಲಿ ನಿಜವಾದ ಬಟ್ಟೆ ಮಾಡಿದ್ದಾರೆ, ಗೊತ್ತಾ? ಮಡಗಾಸ್ಕರಿನಲ್ಲಿ ಸೈಮನ್ ಪಿಯರ್ಸ್ ಮತ್ತು ನಿಕೊಲಸ್ ಗಾಡ್ಲಿ ಅನ್ನುವವರು ಮಾಡಿಸಿದ್ದು. ಬಂಗಾರದ ಬಣ್ಣದ ನೂಲು ಕೊಡುವ ದೊಡ್ಡ ಜೇಡಗಳು, ಹತ್ತು ಲಕ್ಷಕ್ಕೂ ಜಾಸ್ತಿ. ಮೊದಲ ಬಟ್ಟೆಯನ್ನು 2009ರಲ್ಲಿ ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನಲ್ಲಿ ಇಟ್ಟಿದ್ದರು. 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದು ಮೇಲಂಗಿ. ಒಂದು ಚೂರೂ ಬಣ್ಣ ಹಾಕಿಲ್ಲ, ಆ ಹಳದಿ ಜೇಡದ್ದೇ. ಒಂದು ಸಲಕ್ಕೆ 24 ಜೇಡಗಳಿಂದ ಎಳೆ ತೆಗೆದು ಒಂದಾಗಿ ಹೊಸೆದಿದ್ದಾರೆ, ಅಂಥ ನಾಲ್ಕನ್ನು ಸೇರಿಸಿ ನೇಯ್ಗೆಯ ನೂಲು ಮಾಡಿದ್ದಾರೆ. ಲೆಕ್ಕ ಹಾಕಿ, ಒಂದು ನೂಲಿನಲ್ಲಿ 96 ಎಳೆ.

ಸೂಜಿಮೊನೆ:
ಹತ್ತು ಲಕ್ಷ ಜೇಡ ಹಿಡಿದು ಮಾಡಿದ ಬಟ್ಟೆಯನ್ನು ಮೆಚ್ಚಲು ನನಗೆ ಮನಸ್ಸು ಬರುತ್ತಿಲ್ಲ. ಚೆಂದ ಇರಬಹುದು. ಜೇಡವನ್ನು ಮೆಚ್ಚುವುದು ಅಂದರೆ ಅದರ ಕೆಲಸವನ್ನು ಅದು ಮಾಡಿದ ಜಾಗದಲ್ಲೇ ನೋಡುವುದು.

ಹಳೆಪೆಟ್ಟಿಗೆ:
ನೂಲು ತೆಗೆದ ಮೇಲೆ ಜೇಡಗಳನ್ನು ವಾಪಸ್ ಬಿಟ್ಟಿದ್ದಾರೆ. ರೇಷ್ಮೆಗೆ ಹೋಲಿಸಿದರೆ ಇದು ಎಷ್ಟೋ ವಾಸಿ, ಅಲ್ಲಿ ಗೂಡಿನ ಜೊತೆ ಹುಳವನ್ನೂ ಬೇಯಿಸುತ್ತಾರೆ.

ತಕಲಿ:
ಇಬ್ಬರ ಮಾತಿಗೂ ತೂಕ ಇದೆ. ಇದು ದೊಡ್ಡ ವ್ಯಾಪಾರ ಆಗದೆ ಉಳಿದದ್ದಕ್ಕೆ ಜೇಡವೇ ಕಾರಣ. ಫ್ರಾನ್ಸಿನಲ್ಲಿ ಬಾನ್ ಅನ್ನುವವರು 1709ರ ಸುಮಾರಿಗೇ ಜೇಡದ ನೂಲಿನಲ್ಲಿ ಕೈಗವಸು, ಕಾಲುಚೀಲ ಮಾಡಿಸಿದ್ದರು. ವಿಜ್ಞಾನಿ ರಿಯೋಮರ್ ಅದನ್ನು ಪರೀಕ್ಷೆ ಮಾಡಿ, ಆಗದ ಕೆಲಸ ಅಂದರು. ಒಟ್ಟಿಗೆ ಸಾಕಿದರೆ ಒಂದನ್ನೊಂದು ತಿನ್ನುತ್ತವೆ.

ಗೋಡೆಚಿತ್ರ:
ನಾನು ಬಲೆಗೆ ಬಿಳಿ ಸ್ಪ್ರೇ ಬಣ್ಣ ಹೊಡೆದು ಕಪ್ಪು ರಟ್ಟಿನ ಮೇಲೆ ಎತ್ತಿಕೊಂಡು ಚೌಕಟ್ಟು ಹಾಕಿಸಿದ್ದೇನೆ. ತುಂಬಾ ಚೆನ್ನಾಗಿ ಬರುತ್ತದೆ. ಬೇಕಾದವರಿಗೆ ವಿಧಾನ ಹೇಳುತ್ತೇನೆ.

ಸೂಜಿಮೊನೆ:
ದಯವಿಟ್ಟು ಬೇಡ. ಜೇಡ ಅಲ್ಲೇ ಎಲೆಯ ಹಿಂದೆ ಕೂತಿರುತ್ತದೆ, ಬಣ್ಣ ಅದರ ಮೈಮೇಲೂ ಬೀಳುತ್ತದೆ.

ಎಂಟುಕಾಲು:
ಇನ್ನೊಂದು ಕಾರಣವೂ ಇದೆ. ದುಂಡು ಬಲೆಯ ಜೇಡಗಳಲ್ಲಿ ಎಷ್ಟೋ ಜಾತಿ ಹಳೆಯ ಬಲೆಯನ್ನು ತಿಂದು, ಅದೇ ಪ್ರೋಟೀನಿನಿಂದ ಹೊಸ ನೂಲು ಮಾಡಿಕೊಳ್ಳುತ್ತವೆ. ಬಲೆಯನ್ನು ಎತ್ತಿಕೊಂಡು ಹೋದರೆ ಅದರ ನೂಲುಂಡೆಯನ್ನೇ ಎತ್ತಿಕೊಂಡು ಹೋದ ಹಾಗೆ. ಚಿತ್ರ ಬೇಕಾದರೆ ಬೆಳಿಗ್ಗೆ ಇಬ್ಬನಿ ಇರುವಾಗ, ಬಲೆಯ ಹಿಂದೆ ಸ್ವಲ್ಪ ದೂರದಲ್ಲಿ ಕಪ್ಪು ಬಟ್ಟೆ ಹಿಡಿದು, ಪಕ್ಕದ ಬೆಳಕಿನಲ್ಲಿ ಫೋಟೋ ತೆಗೆಯಿರಿ.

ಗೋಡೆಚಿತ್ರ:
ತಿನ್ನುವ ವಿಷಯ ನನಗೆ ಗೊತ್ತಿರಲಿಲ್ಲ. ಜೇಡ ಬಿಟ್ಟುಹೋದ ಬಲೆ ಮಾತ್ರ ತೆಗೆಯುತ್ತೇನೆ ಇನ್ನು ಮುಂದೆ. ಫೋಟೋ ಉಪಾಯವನ್ನೂ ಮಾಡಿ ನೋಡುತ್ತೇನೆ.

ಬೆಳಗಿನಜಾವ:
ನನಗೆ ಜೇಡ ಅಂದರೆ ಚಿಕ್ಕಂದಿನಿಂದ ಭಯ. ಕೋಣೆಯಲ್ಲಿ ಕಂಡರೆ ಹೊರಗೆ ಓಡುತ್ತಿದ್ದೆ. ಹೋದ ವರ್ಷ ಟ್ಯಾಟಿಂಗ್ ಕಲಿಯಲು ಶುರು ಮಾಡಿದೆ. ಬೆರಳಿಗೆ ದಾರ ಸುತ್ತಿ, ಪುಟ್ಟ ಲಾಳಿ ಆಡಿಸಿ, ಒಂದು ಉಂಗುರ ಸಮ ಬರಲು ನನಗೆ ಎರಡು ತಿಂಗಳು ಬೇಕಾಯಿತು. ಆಮೇಲೆ ಒಂದು ದಿನ ಬಾಗಿಲ ಮೂಲೆಯಲ್ಲಿ ಸಣ್ಣ ಬಲೆ ಕಂಡಿತು. ಮೊದಲ ಸಲ ಓಡದೆ ಸುತ್ತುಗಳ ನಡುವಿನ ಅಂತರ ನೋಡಿದೆ. ಎಲ್ಲ ಒಂದೇ ಅಳತೆ. ಭಯ ಪೂರ್ತಿ ಹೋಗಿಲ್ಲ. ಆದರೆ ಈಗ ನಿಂತು ನೋಡುತ್ತೇನೆ. ಅಷ್ಟು ಸಮ ಅಳತೆ ಹೇಗೆ ಬರುತ್ತದೆ ಅಂತ ಯಾರಾದರೂ ಹೇಳುತ್ತೀರಾ?

ಎಂಟುಕಾಲು:
ಕಾಲೇ ಅಳತೆ ಪಟ್ಟಿ. ಮುಂಗಾಲಿನಿಂದ ಹಿಂದಿನ ಸುತ್ತು ಎಲ್ಲಿದೆ ಅಂತ ಮುಟ್ಟಿ ನೋಡುತ್ತದೆ, ಅದಕ್ಕೆ ತಕ್ಕಂತೆ ಹೊಸ ಎಳೆ ಅಂಟಿಸುತ್ತದೆ. ಕತ್ತಲಲ್ಲೇ ಕಟ್ಟುವುದರಿಂದ ಕಣ್ಣಿನ ಕೆಲಸ ಇಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಕಾಲು ಕಳೆದುಕೊಂಡ ಜೇಡದ ಬಲೆಯಲ್ಲಿ ಅಂತರ ಏರುಪೇರಾಗುವುದುಂಟು. ಆದರೂ ಬಲೆ ಕೆಲಸ ಮಾಡುತ್ತದೆ. ಎಳೆಯ ಜೇಡಗಳಿಗೆ ಪೊರೆ ಬಿಡುವಾಗ ಹೊಸ ಕಾಲು ಬರುತ್ತದೆ.

ಕಸೂತಿಕೈ:
ಕಣ್ಣು ಮುಚ್ಚಿ ಬೆರಳಲ್ಲೇ ಎಳೆ ಎಣಿಸುವವರು ನಮ್ಮಲ್ಲೂ ಇದ್ದಾರೆ. ಅವರ ಕೆಲಸದ ಹಿಂಬದಿಯೂ ಮುಂಬದಿಯ ಹಾಗೇ ಇರುತ್ತದೆ.

ಇನ್ನೊಂದು ಕೇಳಬೇಕಿತ್ತು. ನಾನು ನೋಡಿದ ಬಲೆಗಳಲ್ಲಿ ನಡು ನಿಜವಾದ ನಡುವಿನಲ್ಲಿ ಇರುವುದಿಲ್ಲ, ಸ್ವಲ್ಪ ಮೇಲಿರುತ್ತದೆ. ಕೆಳಗಿನ ಅರ್ಧ ದೊಡ್ಡದು. ಇದು ಕೈತಪ್ಪೇ?

ಎಂಟುಕಾಲು:
ತಪ್ಪಲ್ಲ, ಬೇಕೆಂದೇ ಹಾಗೆ. ಜೇಡ ಕೆಳಗೆ ಬೇಗ ಓಡುತ್ತದೆ, ಮೇಲೆ ಹತ್ತುವುದು ನಿಧಾನ. ಹಾಗಾಗಿ ಕೆಳಗೆ ಜಾಸ್ತಿ ಜಾಗ. 1973ರಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಅರಬೆಲ್ಲಾ, ಅನಿತಾ ಅಂತ ಎರಡು ಜೇಡಗಳನ್ನು ಕಳಿಸಿದ್ದರು. ಮೇಲೆ ಕೆಳಗೆ ಅನ್ನುವುದೇ ಇಲ್ಲದ ಜಾಗ. ಮೊದಲು ತಡವರಿಸಿದವು, ಆಮೇಲೆ ಅಲ್ಲೂ ದುಂಡು ಬಲೆ ಕಟ್ಟಿದವು.

ಹಾಸುಹೊಕ್ಕು:
ಮೇಲೆ ಕೆಳಗೆ ಇಲ್ಲದ ಕಡೆಯೂ ಕ್ರಮ ಬಿಡಲಿಲ್ಲ ಅಂದರೆ ಅದು ಕಸುಬುದಾರನ ಕೈ. ನಾನು 'ನೇಯ್ಗೆ ಅಲ್ಲ' ಅಂದಿದ್ದನ್ನು ಯಾರೂ 'ಕಡಿಮೆ' ಅಂತ ತಿಳಿಯಬೇಡಿ.

ನೂಲುಂಡೆ:
ಬಂದೆ! ನಾಲ್ಕು ದಿನ ಆಯಿತು, ಎರಡು ಬಲೆ ಆಯಿತು.

ಮೊದಲನೆಯದರಲ್ಲಿ ಕಚ್ಚಾ ಸುರುಳಿ ಹಾಕಿದೆ. ಬಿಳಿಯ ಜೊತೆ ಬೆರೆಯದಿರಲಿ ಅಂತ ಕೆಂಪು ದಾರ. ನಡುವಿನಿಂದ ಹೊರಕ್ಕೆ ಐದೇ ಸುತ್ತು, ಪ್ರತಿ ಕಡ್ಡಿಗೂ ಒಂದು ಸಡಿಲ ಸುತ್ತು ಕೊಟ್ಟು ಮುಂದೆ. ಆಮೇಲೆ ಹೊರಗಿನಿಂದ ಬಿಳಿ ದಾರ. ವಾಲುವುದು ಮುಕ್ಕಾಲು ಪಾಲು ನಿಂತಿತು. ಆದರೆ ಒಂದು ಮಗ್ಗುಲಲ್ಲಿ ಬಳೆಯೇ ಸ್ವಲ್ಪ ಮೊಟ್ಟೆಯಾಕಾರ ಆಗಿತ್ತು. ಯಾಕೆ ಅಂತ ತಿಳಿಯಲಿಲ್ಲ.

ಹಾಗಾಗಿ ಮತ್ತೆ ರಾತ್ರಿ ಕಿಟಕಿ ಹತ್ತಿರ ಕೂತೆ. ಈ ಸಲ ಬೇಗ ಹೋದೆ, ಕಡ್ಡಿ ಹಾಕುವುದನ್ನೇ ನೋಡಿದೆ. ಅದು ಗಡಿಯಾರದ ಮುಳ್ಳಿನ ಹಾಗೆ ಒಂದರ ಪಕ್ಕ ಒಂದು ಹಾಕುವುದಿಲ್ಲ! ಇಲ್ಲೊಂದು ಹಾಕಿದರೆ ಮುಂದಿನದು ಎದುರು ಕಡೆ. ಆಮೇಲೆ ಇನ್ನೊಂದು ದಿಕ್ಕು. ಎಲ್ಲ ಕಡೆಯಿಂದ ಸಮ ಎಳೆತ ಬೀಳಲಿ ಅಂತ. ನಾನು ಒಂದು ಕಡೆಯಿಂದ ಸಾಲಾಗಿ 24 ಹಾಕಿದ್ದೆ, ಬಳೆ ಆ ಕಡೆಗೆ ಬಾಗಿತ್ತು.

ಎರಡನೆಯದನ್ನು ಹಾಗೇ ಮಾಡಿದೆ. ಎದುರು ಬದುರು ಕಡ್ಡಿ, ಕೆಂಪು ಸುರುಳಿ, ಆಮೇಲೆ ಬಿಳಿ. ನಡುವನ್ನು ಸ್ವಲ್ಪ ಮೇಲಕ್ಕೆ ಇಟ್ಟೆ. ಬಿಳಿ ಸುತ್ತು ಕೆಂಪಿನ ಹತ್ತಿರ ಬಂದಾಗಲೆಲ್ಲ ಕೆಂಪನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಎಳೆದೆ. ಕೊನೆಯ ತುಂಡು ಎಳೆದಾಗ ಕಡ್ಡಿಗಳು ಒಂದು ಕೂದಲಷ್ಟೂ ಅಲುಗಲಿಲ್ಲ. ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಅದುರುತ್ತದೆ.

ದರ್ಜಿಮನೆ:
ಓದಿ ಕಣ್ಣು ತುಂಬಿತು. ನನ್ನ ಹತ್ತಿರ ಕಲಿಯುವ ಹುಡುಗಿಯರಿಗೆ ಇದನ್ನೇ ಓದಿ ಹೇಳುತ್ತೇನೆ.

ಎಂಟುಕಾಲು:
ಕಡ್ಡಿ ಹಾಕುವ ಕ್ರಮ ನಾನೇ ಹೇಳಬೇಕಿತ್ತು, ಬಿಟ್ಟುಹೋಯಿತು. ನೀವೇ ನೋಡಿ ಕಂಡುಕೊಂಡಿರಿ, ಅದೇ ಚೆನ್ನ. ಅಂದ ಹಾಗೆ, ಹಳೆಪೆಟ್ಟಿಗೆ ಅವರು ಹೇಳಿದ ಬಂಗಾರದ ನೂಲಿನ ಜೇಡ ಕಚ್ಚಾ ಸುರುಳಿಯನ್ನು ತೆಗೆಯುವುದೇ ಇಲ್ಲ, ಬಲೆಯಲ್ಲೇ ಉಳಿಸಿಕೊಳ್ಳುತ್ತದೆ.

ಕಸೂತಿಕೈ:
ಹಾಗಾದರೆ ಮೂರನೆಯದರಲ್ಲಿ ಹಳದಿ ದಾರ ಬಳಸಿ, ಸುರುಳಿ ತೆಗೆಯದೆ ಬಿಡಿ! ಕಿಟಕಿಯ ಜೇಡ ಇನ್ನೂ ಇದೆಯಾ?

ನೂಲುಂಡೆ:
ಇದೆ. ನಿನ್ನೆ ಗಾಳಿಗೆ ಬಲೆಯ ಒಂದು ಮೂಲೆ ಹರಿದಿತ್ತು. ರಾತ್ರಿ ಹಳೆಯದನ್ನೆಲ್ಲ ಸುತ್ತಿ ಬಾಯಿಗೆ ಹಾಕಿಕೊಳ್ಳುತ್ತಾ ಬಂತು, ಬೆಳಿಗ್ಗೆ ಹೊಸದು ತಯಾರಾಗಿತ್ತು.

ಗಂಟುಗಾರ:
ಕತ್ತರಿಸಿದ ಆ ಕೆಂಪು ತುಂಡುಗಳನ್ನು ಏನು ಮಾಡಿದಿರಿ?

ನೂಲುಂಡೆ:
ಗಂಟು ಹಾಕಿ ಸೇರಿಸಿ ಉಂಡೆ ಸುತ್ತಿಟ್ಟಿದ್ದೇನೆ. ಮುಂದಿನ ಬಲೆಯ ಸುರುಳಿಗೆ ಅದೇ ದಾರ.